ಬಳೆಯವ್ವನ ಬೆಟ್ಟ

ನಮ್ಮ ಮನೆಯ ಗೇಟಿನ ಎದುರು, ಹೊಂಗೆಮರದ ಕೆಳಗೆ, ಒಂದು ಇಸ್ತ್ರಿ ಗಾಡಿ ನಿಲ್ಲುತ್ತದೆ. ಗಾಡಿ ಗಂಡನದು, ಕೆಲಸ ಹೆಂಡತಿಯದು. ಹೆಂಡತಿ ಸಾಕಮ್ಮ ಬೆಳಿಗ್ಗೆ ಬಂದು ಇಸ್ತ್ರಿಪೆಟ್ಟಿಗೆಯ ಹೊಟ್ಟೆಗೆ ಇದ್ದಿಲು ತುಂಬಿ, ರಟ್ಟಿನ ಚೂರಿನಿಂದ ಬೀಸಿ ಬೀಸಿ ಕೆಂಡ ಮಾಡುತ್ತಾಳೆ. ಆ ಹೊಗೆ ನೇರ ನಮ್ಮ ಕಿಟಕಿಗೆ ಬರುತ್ತದೆ. ಸೊಸೆ ಕಿಟಕಿ ಮುಚ್ಚುತ್ತಾಳೆ, ನಾನು ತೆಗೆಯುತ್ತೇನೆ. ನಮ್ಮಿಬ್ಬರ ನಡುವೆ ಇರುವ ಜಗಳ ಇದೊಂದೇ. ಮುದುಕಿಗೆ ಹೊಗೆಯ ಚಪಲ ಎಂದು ಅವಳು ಮಗನ ಹತ್ತಿರ ದೂರು ಹೇಳಿದ್ದಾಳೆ. ಸುಳ್ಳೇನಲ್ಲ.

ಇವತ್ತು ಬೆಳಿಗ್ಗೆ ನಾಲ್ಕು ಸೀರೆ ಹಿಡಿದುಕೊಂಡು ಗೇಟಿನ ತನಕ ಹೋದೆ. ಸೀರೆ ತೆಗೆದುಕೊಳ್ಳಲು ಕೈ ನೀಡಿದ ಸಾಕಮ್ಮನ ಎಡಗೈ ತುಂಬ ಹಸಿರು ಬಳೆ, ಬಲಗೈಯಲ್ಲಿ ಒಂದೂ ಇಲ್ಲ. ಮಣಿಕಟ್ಟಿನ ಸುತ್ತ ಚರ್ಮ ತರಚಿತ್ತು. ನಾನು ಏನನ್ನೂ ಕೇಳಿರಲಿಲ್ಲ, ಅವಳೇ ಹೇಳಿದಳು, ಗಾಡಿಯ ಚಕ್ರಕ್ಕೆ ತಗುಲಿತು ಎಂದು. ನಾನು ಹೂಂ ಎಂದು ಒಳಗೆ ಬಂದು ಕುರ್ಚಿಯಲ್ಲಿ ಕೂತೆ. ಕಾಫಿ ಆರಿತು. ಇದ್ದಿಲ ವಾಸನೆ ಬಂದು ನನ್ನ ಪಕ್ಕದಲ್ಲೇ ಕೂತಿತು, ಏಳಲಿಲ್ಲ.

ಇದ್ದಿಲು ಎಂದರೆ ನನಗೆ ನೆನಪಾಗುವುದು ಬಸ್ಸು. ನಗಬೇಡಿ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ನಮ್ಮ ಸೀಮೆಯ ಬಸ್ಸುಗಳು ಇದ್ದಿಲಿನಲ್ಲೇ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಬಚ್ಚಲ ಹಂಡೆಗಿಂತ ದೊಡ್ಡದೊಂದು ಕಬ್ಬಿಣದ ಒಲೆ ಕಟ್ಟಿರುತ್ತಿದ್ದರು. ಅದಕ್ಕೆ ಮೂಟೆಗಟ್ಟಲೆ ಇದ್ದಿಲು ಸುರಿದು, ಉರಿ ಹಚ್ಚಿ, ಪಕ್ಕದ ಹಿಡಿಯನ್ನು ಗರಗರ ತಿರುಗಿಸಿದರೆ ಅದರ ಗ್ಯಾಸು ಇಂಜಿನ್ನಿಗೆ ಹೋಗುತ್ತಿತ್ತಂತೆ. ಹೇಗೆ ಹೋಗುತ್ತಿತ್ತು ಎಂದು ನನ್ನನ್ನು ಕೇಳಬೇಡಿ, ಡ್ರೈವರಿಗೇ ಗೊತ್ತಿದ್ದ ಹಾಗೆ ಕಾಣಲಿಲ್ಲ. ಬಿಳಿ ಪಂಚೆ ಉಟ್ಟು ಹತ್ತಿದವರು ಬೂದುಬಣ್ಣದ ಪಂಚೆ ಉಟ್ಟು ಇಳಿಯುತ್ತಿದ್ದರು. ಏರು ಬಂತೆಂದರೆ ಎಲ್ಲರೂ ಇಳಿದು ತಳ್ಳಬೇಕು. ದುಡ್ಡು ಕೊಟ್ಟು ಕೂಲಿ ಮಾಡುವ ಭಾಗ್ಯ ನಮ್ಮ ಕಾಲದವರಿಗೆ ಇತ್ತು.

ಅಂಥದೊಂದು ಬಸ್ಸು ಮದ್ದೂರಿನ ರಹೀಂ ಸಾಬರದು. ವಾರವೆಲ್ಲ ಮದ್ದೂರು ಮಳವಳ್ಳಿ ನಡುವೆ ಓಡಿಸಿ, ಭಾನುವಾರ ಪಾರ್ಟಿ ಸಿಕ್ಕರೆ ಹಲಗೂರಿನಾಚೆಯ ಬೆಟ್ಟ, ಕಾಡು, ಮುತ್ತತ್ತಿಯ ಹೊಳೆ ಎಲ್ಲ ತೋರಿಸಿಕೊಂಡು ಬರುತ್ತಿದ್ದರು. ದಾರಿಯ ವಿಶೇಷ ಹೇಳುವುದಕ್ಕೆ ಹಲಗೂರಿನಲ್ಲಿ ಒಬ್ಬ ಗೈಡು ಹತ್ತುತ್ತಿದ್ದ. ನೋಡುವುದಕ್ಕೆಂದೇ ದುಡ್ಡು ಕೊಟ್ಟು ಬೆಟ್ಟಕ್ಕೆ ಹೋಗುವುದು ಆಗ ನಮ್ಮ ಕಡೆ ಹೊಸ ಸಂಗತಿ. ಬೆಟ್ಟಕ್ಕೆ ಸೌದೆಗೆ ಹೋಗುತ್ತಿದ್ದರು, ದೇವರಿಗೆ ಹೋಗುತ್ತಿದ್ದರು, ಬೆಟ್ಟವನ್ನು ಬೆಟ್ಟ ಎಂದು ನೋಡುವುದಕ್ಕೆ ಯಾರೂ ಹೋಗುತ್ತಿರಲಿಲ್ಲ.

ನನಗೆ ಆಗ ಮದುವೆ ಗೊತ್ತಾಗಿತ್ತು. ಗಂಡಿನ ಮನೆ ಮದ್ದೂರಿನಲ್ಲಿ. ಹುಡುಗ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಅವನ ತಾಯಿ ಚಿಕ್ಕತಾಯಮ್ಮನವರು ಗಟ್ಟಿಗಿತ್ತಿ, ಮಾತು ಕಡಿಮೆ, ಕಣ್ಣು ಬಹಳ. ಅವರು ಹೇಳಿ ಕಳಿಸಿದರು: ತಮ್ಮ ಕಡೆಯ ಹೆಂಗಸರೆಲ್ಲ ಸಾಬರ ಬಸ್ಸು ಮಾಡಿಕೊಂಡು ಬೆಟ್ಟಕ್ಕೂ ಹೊಳೆಗೂ ಹೊರಟಿದ್ದಾರೆ, ಸೊಸೆಯಾಗುವವಳೂ ಬರಲಿ, ಜೊತೆಗೆ ಮನೆಯ ಒಬ್ಬ ಹೆಂಗಸು ಬರಲಿ. ನಮ್ಮ ಅವ್ವನಿಗೆ ಮೊಣಕಾಲು ಊದಿ ನಡೆಯಲಾಗುತ್ತಿರಲಿಲ್ಲ. ಉಳಿದವಳು ನಿಂಗತ್ತೆ.

ನಿಂಗತ್ತೆಯ ವಿಷಯ ಈಗಲೇ ಹೇಳಿಬಿಡಬೇಕು. ಅವಳು ಅಪ್ಪನ ತಂಗಿ. ಮಂಡ್ಯದ ನಮ್ಮ ಬೀದಿಗೆ ಅವಳು ವಿಧವೆ: ಬೋಳು ಹಣೆ, ಬೋಳು ಕೈ, ಸದಾ ಅಡುಗೆಮನೆ. ನಾಲೆಯ ನೀರು ಬಂದು, ಸಕ್ಕರೆ ಕಾರ್ಖಾನೆ ಬಂದು, ಎಲ್ಲೆಲ್ಲಿಂದಲೋ ಜನ ಬಂದು ನಿಂತ ಊರು ಮಂಡ್ಯ. ಅಪ್ಪನೂ ಕಬ್ಬಿನ ಗದ್ದೆಗಳ ಉಸ್ತುವಾರಿಯ ಕೆಲಸ ಸಿಕ್ಕಿ ಬಂದು ಸೇರಿದವನು. ಅಲ್ಲಿ ಯಾರೂ ಯಾರ ಬೇರನ್ನೂ ಕೆದಕುತ್ತಿರಲಿಲ್ಲ. ನಿಜ ಏನೆಂದರೆ ನಿಂಗತ್ತೆಯ ಗಂಡ ಬದುಕಿದ್ದ. ಅವನದು ಹಲಗೂರಿನಾಚೆ ಬೆಟ್ಟದ ಮಗ್ಗುಲಿನ ಒಂದು ದೊಡ್ಡಿ, ಅಂದರೆ ನಾಲ್ಕು ಮನೆಯ ಹಳ್ಳಿ. ಕೈಗೆ ಸಿಕ್ಕಿದ್ದರಲ್ಲಿ ಬಡಿಯುತ್ತಿದ್ದನಂತೆ. ನಾನಿನ್ನೂ ಕೂಸಾಗಿದ್ದಾಗ ಒಂದು ದಿನ ಅವಳು ಎದ್ದು ಬಂದುಬಿಟ್ಟಿದ್ದಳು. ಇದನ್ನು ನಾನು ದೊಡ್ಡವಳಾದ ಮೇಲೆ ಅವ್ವ ಒಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡು ಹೇಳಿದ್ದಳು. ಹೊರಗೆ ಬಿದ್ದರೆ ಎರಡು ಅನಾಹುತ. ಗಂಡನನ್ನು ಬಿಟ್ಟು ಬಂದವಳಿರುವ ಮನೆಯ ಹೆಣ್ಣು ಬೇಡವೆಂದು ನನ್ನ ಮದುವೆ ಮುರಿಯುತ್ತದೆ. ಅದಕ್ಕಿಂತ ದೊಡ್ಡದು, ಅವನು ಕುಲದ ಯಜಮಾನರನ್ನು ಕರೆದುಕೊಂಡು ಬಂದು ನಿಂಗತ್ತೆಯನ್ನು ಎಳೆದುಕೊಂಡು ಹೋಗುತ್ತಾನೆ. ಆ ಕಾಲದಲ್ಲಿ ಅಪ್ಪ ಅಡ್ಡ ನಿಲ್ಲುವಂತಿರಲಿಲ್ಲ, ನ್ಯಾಯವೆಲ್ಲ ಗಂಡನ ಕಡೆಗೇ ಇತ್ತು. ಇದಲ್ಲದೆ ಅಪ್ಪನೊಬ್ಬನೇ ಬಲ್ಲ ಇನ್ನೊಂದು ಸಂಗತಿ ಇತ್ತು, ಅದು ಆಮೇಲೆ.

ಅಪ್ಪ ಬೇಡವೇ ಬೇಡ ಎಂದ. ಬೀಗರಿಗೆ ಏನಾದರೂ ನೆಪ ಹೇಳೋಣ ಎಂದ. ಆದರೆ ನಿಂಗತ್ತೆ ಯಾವತ್ತೂ ಇಲ್ಲದ ಹಟ ಹಿಡಿದಳು. ಅವನ ದೊಡ್ಡಿ ಇರುವುದು ಬೆಟ್ಟದ ಆಚೆ ಮಗ್ಗುಲು, ಬಸ್ಸು ಹೋಗುವುದು ಈಚೆ ದಾರಿ, ತಾನು ಸೆರಗು ಹೊದ್ದು ಕೂತರೆ ಯಾರಿಗೆ ಗೊತ್ತಾಗುತ್ತದೆ ಎಂದಳು. ಕೊನೆಗೆ ಹೇಳಿದಳು: “ಇಷ್ಟ್ ವರ್ಸ ಒಲೆ ಮುಂದೆ ಕುಂತಿದೀನಿ ಕಣಣ್ಣ. ಆ ಬೆಟ್ಟ ನಂಗೇನೂ ಮಾಡಿಲ್ಲ. ಒಂದ್ ದಪ ನೋಡ್ಕಂಡ್ ಬತ್ತೀನಿ ಬುಡು.”

ಅಪ್ಪ ಬಸ್ಸಿನ ದುಡ್ಡು ತೆಗೆದು ಅವಳ ಕೈಗಿಟ್ಟ.

ಹಿಂದಿನ ದಿನವೇ ಮದ್ದೂರಿಗೆ ಹೋಗಿ ನಂಟರ ಮನೆಯಲ್ಲಿ ಉಳಿದುಕೊಂಡೆವು. ಬೆಳಿಗ್ಗೆ ಬಸ್ಸಿನ ತುಂಬ ಹೆಂಗಸರು, ಬುತ್ತಿಗಂಟುಗಳು, ಇದ್ದಿಲ ಮೂಟೆಗಳು. ನಿಂಗತ್ತೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು, ಹಿಂದಿನ ಸೀಟಿನ ಕಿಟಕಿಗೆ ಅಂಟಿಕೊಂಡು ಕೂತಳು. ಮಳವಳ್ಳಿ ದಾಟಿ ಹಲಗೂರಿನ ದಾರಿ ಹಿಡಿದ ಮೇಲೆ ದೂರದಲ್ಲಿ ಬೆಟ್ಟಗಳು ಕಂಡವು, ಒಂದರ ಹಿಂದೆ ಒಂದು, ನೀಲಿ. ನಿಂಗತ್ತೆ ಒಂದೊಂದನ್ನೂ ಹೆಸರು ಹಿಡಿದು ನನ್ನ ಕಿವಿಯಲ್ಲಿ ಹೇಳತೊಡಗಿದಳು. ಇಲ್ಲಿ ನೆಲ್ಲಿಕಾಯಿ, ಅಲ್ಲಿ ಆನೆ ನೀರಿಗೆ ಇಳಿಯುತ್ತದೆ, ಆ ಬಂಡೆಯ ಮೇಲೆ ಬೆಳದಿಂಗಳಲ್ಲಿ ಕೂತರೆ ಹೊಳೆ ಕಾಣುತ್ತದೆ. ಅಡುಗೆಮನೆಯ ನಿಂಗತ್ತೆಗೆ ಇಷ್ಟು ಮಾತಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮುಂದಿನ ಸೀಟಿನಿಂದ ಚಿಕ್ಕತಾಯಮ್ಮನವರು ಆಗಾಗ ತಿರುಗಿ ನೋಡುತ್ತಿದ್ದರು, ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಸೊಸೆಯ ಮುಖ ಮಾಡುತ್ತಿದ್ದೆ.

ಹಲಗೂರಿನಲ್ಲಿ ಗೈಡು ಹತ್ತಿದ. ಹೆಸರು ಕೆಂಪಯ್ಯ. ನಡುವಯಸ್ಸು, ಯಾರೋ ದೊರೆ ಕೊಟ್ಟ ಖಾಕಿ ಕೋಟು, ಕೆಳಗೆ ಮೊಣಕಾಲು ಮೇಲಿನ ಪಂಚೆ, ಕೈಯಲ್ಲಿ ಬೆತ್ತ. ಹೊಳೆಯಲ್ಲಿ ಮೀನು ಹಿಡಿಯಲು ಬರುವ ದೊರೆಗಳಿಗೆಲ್ಲ ದಾರಿ ತೋರಿಸಿದವನು ತಾನೇ ಎಂದು ಶುರುಮಾಡಿದ. ಆ ಬಂಡೆಯ ಗುಂಡಿ ಭೀಮನ ಮಂಡಿ ಊರಿದ್ದು, ಈ ಹಳ್ಳ ಸೀತಮ್ಮನ ಕಣ್ಣೀರು, ಆ ಒಂಟಿಮರದ ಕೆಳಗೆ ಒಬ್ಬ ದೊರೆ ಹುಲಿಯನ್ನು ನೋಡಿ ಟೋಪಿ ಬಿಟ್ಟು ಓಡಿದ್ದು. ಅವನ ಬಾಯಲ್ಲಿ ಒಂದು ಕಲ್ಲೂ ಬರಿಯ ಕಲ್ಲಾಗಿರಲಿಲ್ಲ. ಹೆಂಗಸರು ಕತ್ತು ಹೊರಳಿಸಿ ಹೊರಳಿಸಿ ನೋಡಿದ್ದೇ ನೋಡಿದ್ದು. ನಾನೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ.

ಆಗ ನನ್ನ ತೋಳಿನಲ್ಲಿ ಉಗುರು ನಾಟಿತು. ನಿಂಗತ್ತೆ ಮೂಗಿನ ತನಕ ಸೆರಗು ಎಳೆದುಕೊಂಡಿದ್ದಳು. ಕಣ್ಣು ಮಾತ್ರ ಕಾಣುತ್ತಿತ್ತು.

“ಇವ್ನೇ ಕಣೆ,” ಎಂದಳು.

ಯಾರು ಎಂದು ಕೇಳಬೇಕಾಗಲಿಲ್ಲ. ಗಂಡನ ಹೆಸರನ್ನು ಅವಳು ಯಾವತ್ತೂ ಬಾಯಿಂದ ಆಡಿರಲಿಲ್ಲ, ನಮ್ಮವರಲ್ಲಿ ಆಡುವುದೂ ಇಲ್ಲ. ಹಾಗಾಗಿ ಕೆಂಪಯ್ಯ ಎಂಬ ಹೆಸರು ಕೇಳಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ಬಸ್ಸಿನಿಂದ ಇಳಿಯೋಣವೆಂದರೆ ಸುತ್ತ ಕಾಡು. ಹೊಟ್ಟೆನೋವು ಎನ್ನೋಣವೆಂದರೆ ಚಿಕ್ಕತಾಯಮ್ಮನವರು ಶುಂಠಿ ತೆಗೆಯುತ್ತಾರೆ. ಬಸ್ಸು ಏರಿನಲ್ಲಿ ಕೆಮ್ಮಿ ನಿಂತಿತು, ಎಲ್ಲರೂ ಇಳಿದು ತಳ್ಳಿದೆವು. ನಿಂಗತ್ತೆ ಹಿಂದಿನ ಒಲೆಯ ಪಕ್ಕ, ಹೊಗೆ ದಟ್ಟವಾಗಿರುವ ಜಾಗವನ್ನೇ ಹುಡುಕಿ ನಿಂತು ತಳ್ಳಿದಳು. ಅವನು ಮುಂದೆ ನಿಂತು ಬೆತ್ತ ಬೀಸುತ್ತ ಹುರಿದುಂಬಿಸುತ್ತಿದ್ದ. ಹೊಳೆ ಮುಗಿಸಿಕೊಂಡು ಸಂಜೆಗೆ ಅವನನ್ನು ಹಲಗೂರಿನಲ್ಲಿ ಇಳಿಸುವ ತನಕ ಸೆರಗು ಜಾರದಿದ್ದರೆ ಸಾಕು ಎಂದು ನಾನು ನನಗೆ ಗೊತ್ತಿದ್ದ ದೇವರಿಗೆಲ್ಲ ಹೇಳಿಕೊಂಡೆ.

ಏರು ಮುಗಿದಲ್ಲಿ ಬಸ್ಸು ನಿಂತಿತು. ಹೊಳೆಗೆ ಮೊದಲು ಇಲ್ಲೊಂದು ಕೆಲಸವಿದೆ ಎಂದು ಚಿಕ್ಕತಾಯಮ್ಮನವರು ನನ್ನನ್ನು ಕರೆದರು. ಇದೇ ನನ್ನನ್ನು ಕರೆತಂದ ಕಾರಣವೆಂದು ಆಗ ತಿಳಿಯಿತು. ಮದುವೆಗೆ ಮುಂಚೆ ಹೆಣ್ಣು ಇಲ್ಲಿ ಬಳೆ ಕೊಟ್ಟು ಆಣೆ ಮಾಡಿದರೆ ಗಂಡನಿಗೆ ಆಯಸ್ಸು ಗಟ್ಟಿ ಎಂದು ಆ ಕಡೆಯಲ್ಲೆಲ್ಲ ಮಾತು ಹಬ್ಬಿತ್ತಂತೆ. ಪಕ್ಕದಲ್ಲಿ ಕೆಳಗೆ ಕಾಡಿಗೆ ಇಳಿಯುವ ದೊಡ್ಡ ಬಂಡೆ. ಬಂಡೆಯ ತುದಿಯಲ್ಲಿ ಅರಿಸಿನ ಕುಂಕುಮ ಮೆತ್ತಿದ ಒಂದು ಕಲ್ಲು. ಪಕ್ಕದ ಕಾರೆಗಿಡದ ಮುಳ್ಳುಮುಳ್ಳಿಗೂ ಬಳೆ: ಹಸಿರು, ಕೆಂಪು, ಹಳದಿ, ಗಾಳಿ ಬೀಸಿದಾಗಲೆಲ್ಲ ಸಣ್ಣಗೆ ಸದ್ದು. ನೆಲದ ಮೇಲೂ ಕಾಲಿಡಲು ಆಗದಷ್ಟು ಬಳೆಚೂರು. ಇಷ್ಟು ಚೆಂದದ ಜಾಗವನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ. ಕೆಳಗೆ ಹಸಿರು ಕಾಡು, ಅದರ ನಡುವೆ ಹೊಳೆಯ ಬಿಳಿ ಗೆರೆ.

ಕೆಂಪಯ್ಯ ಕೋಟು ಬಿಚ್ಚಿ, ಹೆಗಲಿಗೆ ಟವೆಲು ಹಾಕಿಕೊಂಡು ಪೂಜಾರಿಯಾದ. ಕತೆ ಶುರುವಾಯಿತು. ಇವಳು ಬಳೆಯವ್ವ, ತನ್ನ ಹೆಂಡತಿಯೇ ಆಗಿದ್ದವಳು ಎಂದ. ಒಂದು ಸಲ ತನಗೆ ಜ್ವರ ಬಂದು ನಾಡಿ ಬಿದ್ದುಹೋಯಿತು, ಊರಿನವರು ಸೌದೆ ಒಟ್ಟಲು ಶುರುಮಾಡಿದರು. ಇವಳು ಈ ಬಂಡೆಗೆ ಬಂದು, ನನ್ನ ಜೀವ ತಗೊಂಡು ನನ್ನ ಗಂಡನನ್ನು ಬಿಡು ಎಂದು ದೇವರಿಗೆ ಹೇಳಿ, ಕೈಯ ಬಳೆ ಒಡೆದು, ತಾಳಿ ಬಿಚ್ಚಿಟ್ಟು ಹಾರಿಬಿಟ್ಟಳು. ಸಂಜೆಗೆ ತನ್ನ ಜ್ವರ ಇಳಿಯಿತು. ಹುಡುಕಿ ಬಂದವರಿಗೆ ಸಿಕ್ಕಿದ್ದು ಬಳೆಚೂರು ಮತ್ತು ತಾಳಿ ಮಾತ್ರ, ಮೈಯನ್ನು ಕಾಡು ನುಂಗಿತ್ತು. ಬದುಕಿರುವ ತನಕ ಒಂದು ದಿನ ಎದುರುಮಾತಾಡಿದವಳಲ್ಲ, ಬಡಿದರೂ ಪ್ರಸಾದ ಎಂದುಕೊಂಡವಳು ಎಂದು ಹೇಳುವಾಗ ಅವನ ಕಣ್ಣಿಂದ ನೀರು ಇಳಿಯಿತು. ನಟನೆಯ ನೀರಲ್ಲ, ನಿಜವಾದ ನೀರು. ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಪಕ್ಕದಲ್ಲಿ ಬೋಳು ಕೈಯಲ್ಲಿ ರೊಟ್ಟಿಗಂಟು ಹಿಡಿದು ನಿಂತವಳು, ಎದುರಿಗೆ ಅವಳದೇ ಗುಡಿ. ಇಷ್ಟು ವರ್ಷ ನನಗೆ ತಲೆ ಬಾಚಿ ಮುದ್ದೆ ತಿನ್ನಿಸಿದವಳು ಈ ಸೀಮೆಗೆ ಸತ್ತು ದೇವರಾಗಿದ್ದಾಳೆ. ಭಯವಾಗುತ್ತಿತ್ತು, ಜೊತೆಗೆ ನಾಚಿಕೆಗೆಟ್ಟ ನಗುವೊಂದು ಗಂಟಲ ತನಕ ಬಂದು ನಿಂತಿತ್ತು. ನಿಂಗತ್ತೆಯ ಕಡೆ ನೋಡಿದೆ. ಅವಳಿಗೂ ಇದು ಹೊಸದೇ. ಸೆರಗಿನೊಳಗಿಂದ ಮೆಲ್ಲಗೆ ಹೇಳಿದಳು: “ಜರ ಬಂದಿದ್ದು ನಂಗೆ. ಅವ್ನಿಗಲ್ಲ.”

ನಡೆದದ್ದು ಇಷ್ಟು, ನಾನು ಆಮೇಲೆ ಕೇಳಿ ತಿಳಿದದ್ದು. ಜ್ವರದಲ್ಲಿ ಎದ್ದು ಮುದ್ದೆ ಮಾಡಲಿಲ್ಲವೆಂದು ಅವನು ಬಡಿದ. ಅವಳು ಅಣ್ಣನ ಮನೆಗೆ ಹೊರಟಳು. ಕೈತುಂಬ ಬಳೆ, ಕತ್ತಿನಲ್ಲಿ ತಾಳಿ ಇರುವ ಹೆಂಗಸು ಒಂಟಿಯಾಗಿ ನಡೆದರೆ ದಾರಿಯಲ್ಲಿ ಸಿಕ್ಕವರೆಲ್ಲ ಯಾರ ಹೆಂಡತಿ, ಎಲ್ಲಿಗೆ ಎಂದು ಕೇಳುತ್ತಾರೆ. ಬೋಳು ಕೈಯವಳನ್ನು ಯಾರೂ ಕೇಳುವುದಿಲ್ಲ, ಎದುರು ಬಂದರೆ ಶಕುನವೆಂದು ಮುಖ ತಿರುಗಿಸುತ್ತಾರೆ. ಅದಕ್ಕೆ ಆ ಬಂಡೆಯ ಮೇಲೆ ಕೂತು ಬಳೆ ಒಡೆದು, ತಾಳಿಯನ್ನು ಅಲ್ಲೇ ಬಿಟ್ಟು, ಕುಂಕುಮ ಒರೆಸಿಕೊಂಡು ನಡೆದುಬಿಟ್ಟಳು. ಹುಡುಕಿಕೊಂಡು ಬಂದವರು ಬಳೆಚೂರು ನೋಡಿದರು. ಗಂಡ ಬದುಕಿರುವಾಗ ಯಾವ ಹೆಣ್ಣು ತಾನಾಗಿ ಬಳೆ ಒಡೆದುಕೊಳ್ಳುತ್ತಾಳೆ? ಸತ್ತೇ ಇರಬೇಕು. ಅಲ್ಲಿದ್ದವರಲ್ಲಿ ಒಬ್ಬರಿಗೂ ಬೇರೆ ಯೋಚನೆ ಬಂದಿರಲಿಕ್ಕಿಲ್ಲ. ಅದಕ್ಕೆ ಜ್ವರದ ಕತೆಯನ್ನು ಯಾವಾಗ ಸೇರಿಸಿದನೋ ಅವನಿಗೇ ಗೊತ್ತು.

ಈಗ ನನ್ನ ಸರದಿ. ಚಿಕ್ಕತಾಯಮ್ಮನವರು ನನ್ನನ್ನು ಕಲ್ಲಿನ ಮುಂದೆ ಮಂಡಿಯೂರಿಸಿದರು. ಕೆಂಪಯ್ಯ ಬಳೆಯ ತಟ್ಟೆ ಹಿಡಿದು, ತಾನು ಹೇಳಿದಂತೆ ಹೇಳಬೇಕು ಎಂದ. ಗಂಡ ಬಡಿದರೂ ಬೈದರೂ ಎದುರುಮಾತಾಡುವುದಿಲ್ಲ, ಹೊಸ್ತಿಲು ದಾಟುವುದಿಲ್ಲ. ಅದೇ ಆಣೆ. “ಗಂಡ ಬಡುದ್ರೂ” ಎಂಬಷ್ಟು ಹೇಳಿದೆ, ಮುಂದಕ್ಕೆ ಬರಲಿಲ್ಲ. ಚಿಕ್ಕತಾಯಮ್ಮನವರು ಬೆನ್ನಿಗೆ ಮೆಲ್ಲನೆ ತಿವಿದರು.

“ಅದ ಯೋಳ್ಬ್ಯಾಡ ಕಣವ್ವ. ಎದ್ದೇಳು.”

ಹಿಂದಿನಿಂದ, ಅಡುಗೆಮನೆಯಿಂದ ಕರೆಯುವಷ್ಟೇ ಗಟ್ಟಿಯಾದ ದನಿ. ತಿರುಗಿ ನೋಡಿದೆ. ನಿಂಗತ್ತೆಯ ಸೆರಗು ಹೆಗಲಿಗೆ ಜಾರಿತ್ತು. ಜಾರಿತ್ತೋ ಅವಳೇ ಇಳಿಸಿದ್ದಳೋ.

ಕೆಂಪಯ್ಯ ಆ ದನಿಗೆ ಕತ್ತೆತ್ತಿದ. ತಟ್ಟೆ ಕೈಯಿಂದ ಬಿದ್ದು ಬಳೆಗಳು ಬಂಡೆಯ ಮೇಲೆ ಉರುಳಿ ಒಡೆದವು. ಅವನ ಮುಖದಲ್ಲಿ ರಕ್ತವಿರಲಿಲ್ಲ. ಮುಗಿಯಿತು ಎಂದುಕೊಂಡೆ, ನನ್ನ ಮದುವೆ ಮುಗಿಯಿತು, ನಿಂಗತ್ತೆ ಮರೆಯಲ್ಲಿ ಬದುಕಿದ್ದು ಮುಗಿಯಿತು, ನಾಳೆ ಅಪ್ಪನ ಬಾಗಿಲಿಗೆ ಇವನು ಬರುತ್ತಾನೆ. ಚಿಕ್ಕತಾಯಮ್ಮನವರ ಕಣ್ಣು ಅವಳಿಂದ ಅವನಿಗೆ, ಅವನಿಂದ ಅವಳಿಗೆ ಓಡಾಡುತ್ತಿತ್ತು.

ಅವನು ದಡಾರನೆ ನಿಂಗತ್ತೆಯ ಕಾಲಿಗೆ ಉದ್ದಕ್ಕೆ ಬಿದ್ದ. “ಅವ್ವ ಬಂದವ್ಳೆ,” ಎಂದ. “ಈ ಬೋಳ್ ಕೈಯವ್ವನ ಮೈ ಮ್ಯಾಲೆ ನಮ್ಮವ್ವ ಬಂದವ್ಳೆ.”

ಹೆಂಗಸರೂ ಒಬ್ಬರ ಹಿಂದೆ ಒಬ್ಬರು ಬಂಡೆಯ ಮೇಲೆ ಬಿದ್ದರು. ಚಿಕ್ಕತಾಯಮ್ಮನವರೂ ಬಿದ್ದರು. ದೂರದಲ್ಲಿ ನಿಂತಿದ್ದ ರಹೀಂ ಸಾಬರು ಬೀಡಿ ಆರಿಸಿ ಕೈಕಟ್ಟಿಕೊಂಡರು. ನಿಂತಿದ್ದವರು ಅವರು, ನಾನು, ನಿಂಗತ್ತೆ. ಅವಳು ನನ್ನ ಕಡೆ ನೋಡಿದಳು. ಮೊದಲು ಆ ಕಣ್ಣಿನಲ್ಲಿ ನನ್ನದೇ ಭಯವಿತ್ತು. ಆಮೇಲೆ ಅದು ಹೋಯಿತು. ಮಿಕ್ಕ ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ ಅಂಬಲಿ ಮಾಡುವವಳು, ಕಾಲಬುಡಕ್ಕೆ ಬಂದದ್ದನ್ನು ಬಿಸಾಡುತ್ತಾಳೆಯೇ.

ಮೈಮೇಲೆ ಬಂದ ದೇವರನ್ನು ವಿಚಾರಿಸುವ ಪದ್ಧತಿ ಎಲ್ಲರಿಗೂ ಗೊತ್ತು. ಚಿಕ್ಕತಾಯಮ್ಮನವರೇ ಕೈಮುಗಿದು, ಯಾರು ತಾಯಿ ನೀನು, ಏನು ತಪ್ಪಾಯಿತು ಎಂದು ಕೇಳಿದರು. ನಿಂಗತ್ತೆ ಅವರ ಕಡೆ ನೋಡಲಿಲ್ಲ. ಬಿದ್ದವನನ್ನೇ ನೋಡಿ ಹೇಳಿದಳು:

“ನಾನು ಬೀಳ್ನಿಲ್ಲ ಕಣ್ಲಾ. ನಿಂಗೆ ಜರಾನೂ ಬಂದಿರ್ನಿಲ್ಲ. ಜರ ಬಂದಿದ್ದು ನಂಗೆ. ಎದ್ದು ಮುದ್ದೆ ಕಟ್ನಿಲ್ಲ ಅಂತ ನೊಗದ ಗೂಟ ತಕಂಡ್ ಬಡ್ದೆ. ಅದುಕ್ಕೆ ಬುಟ್ಟೋದೆ. ಯೋಳು, ಸುಳ್ಳಾ?”

ಅವನು ತಲೆ ಎತ್ತಲಿಲ್ಲ. “ಸುಳ್ಳಲ್ಲ ನನ್ನವ್ವ,” ಎಂದ.

ಇದು ಇವತ್ತಿಗೂ ನನ್ನನ್ನು ಬೆಚ್ಚಿಬೀಳಿಸುತ್ತದೆ. ಹದಿನೈದು ಇಪ್ಪತ್ತು ಹೆಂಗಸರ ಎದುರಿಗೆ ಅವಳು ತನ್ನ ಬದುಕಿನ ನಿಜವನ್ನು ಒಂದಕ್ಷರ ಬಿಡದೆ ಹೇಳಿದಳು, ಒಬ್ಬರಿಗೂ ಅದು ಅವಳ ಮಾತಾಗಿ ಕೇಳಿಸಲಿಲ್ಲ. ಅದೇ ಮಾತನ್ನು ಅವಳು ಮಂಡ್ಯದ ನಲ್ಲಿಕಟ್ಟೆಯಲ್ಲಿ ಹೇಳಿದ್ದರೆ ಇಂಥ ಹೆಂಗಸರೇ ಅವಳ ಮುಖಕ್ಕೆ ಉಗಿಯುತ್ತಿದ್ದರು. ಇಲ್ಲಿ ದೇವರು ಹೇಳಿದಳೆಂದು ಕಣ್ಣುಮುಚ್ಚಿ ಕೈಮುಗಿದರು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಹೇಳಲಾರೆ.

ನಮಗೇನು ಅಪ್ಪಣೆ ಎಂದು ಚಿಕ್ಕತಾಯಮ್ಮನವರು ಕೇಳಿದರು. ನಿಂಗತ್ತೆ ಈಗ ಅವರ ಕಡೆ ತಿರುಗಿದಳು.

“ಈ ಆಣೆ ಇನ್ಮ್ಯಾಕೆ ಯಾವ ಹೆಣ್ಣಿನ್ ಬಾಯಲ್ಲೂ ಯೋಳುಸ್ಬ್ಯಾಡಿ. ನಿನ್ ಮಗ ಇವ್ಳ ಮ್ಯಾಲೆ ಕೈ ಎತ್ತುದ್ರೆ ಇವ್ಳು ನಿನ್ ವಸ್ಲು ದಾಟ್ಕಂಡ್ ಓಯ್ತಾಳೆ. ತಡೀಬ್ಯಾಡ.”

“ಆಗ್ಲಿ ಕಣವ್ವ,” ಎಂದರು ಚಿಕ್ಕ ಮಗುವಿನಂತೆ.

ಆಮೇಲೆ ದೇವರು ಬಾಯಾರಿಕೆ ಎಂದು ನೀರು ಕೇಳಿತು, ಕುಡಿದು, ಸೆರಗು ಹೊದ್ದು ಕೂತಿತು. ಹೊಳೆಯ ದಡದಲ್ಲಿ ಬುತ್ತಿ ಬಿಚ್ಚಿದಾಗ ನಿಂಗತ್ತೆ ರೊಟ್ಟಿಯ ಮೇಲೆ ರೊಟ್ಟಿ ತಿಂದಳು. ಹೆಂಗಸರು ಹತ್ತಿರ ಬರಲು ಹೆದರಿ ದೂರದಿಂದಲೇ ಉಪ್ಪಿನಕಾಯಿ ಚಾಚುತ್ತಿದ್ದರು. ಅವಳು ಸೀರೆ ಮೊಣಕಾಲಿಗೆ ಎತ್ತಿ ಹೊಳೆಯಲ್ಲಿ ಕಾಲಿಟ್ಟು, ಎದುರಿನ ಬೆಟ್ಟವನ್ನು ನೋಡುತ್ತ ಕೂತಿದ್ದಳು, ನೋಡಲೆಂದೇ ಬಂದವಳಲ್ಲವೇ.

ಸಂಜೆ ಹಲಗೂರಿನಲ್ಲಿ ಕೆಂಪಯ್ಯ ಇಳಿದ. ದಾರಿಯುದ್ದಕ್ಕೂ ಒಂದು ಕಲ್ಲಿನ ಕತೆಯನ್ನೂ ಹೇಳಿರಲಿಲ್ಲ. ಬಸ್ಸಿನ ಒಲೆಯ ಹಿಡಿ ತಿರುಗಿಸುವ ಗದ್ದಲದಲ್ಲಿ ಅವನು ಸುತ್ತಿಕೊಂಡು ನಮ್ಮ ಕಿಟಕಿಗೆ ಬಂದ. ಬಟ್ಟೆಯಲ್ಲಿ ಸುತ್ತಿದ ಒಂದು ಜೊತೆ ಹಸಿರು ಬಳೆಯನ್ನು ಒಳಗೆ ಚಾಚಿದ. ಪೂಜಾರಿಯ ದನಿಯಲ್ಲ, ಗೈಡಿನ ದನಿಯೂ ಅಲ್ಲ, ಬೇರೆಯೇ ಒಂದು ದನಿಯಲ್ಲಿ ಕೇಳಿದ.

“ಚೆಂದಾಗಿದ್ದೀಯಾ?”

“ಬಡ್ಯೋರಿಲ್ದ ಮನೇಲಿದೀನಿ,” ಎಂದಳು ನಿಂಗತ್ತೆ.

ಅವನು ತಲೆ ಅಲ್ಲಾಡಿಸಿ ಹಿಂದಕ್ಕೆ ಸರಿದ. ಬಸ್ಸು ಹೊರಟಿತು. ಅವನಿಗೆ ಎಲ್ಲ ಗೊತ್ತಾಗಿತ್ತು ಎಂದು ನನಗೆ ಹೊಳೆದದ್ದು ಆಗ. ಮೊದಲು ಬಿದ್ದದ್ದು ಭಯಕ್ಕೋ, ಉಪಾಯಕ್ಕೋ ಎಂದು ನಾನು ಬಹಳ ವರ್ಷ ತಲೆ ಕೆಡಿಸಿಕೊಂಡಿದ್ದೇನೆ. ನಿಂಗತ್ತೆಯನ್ನು ಕೇಳಿದರೆ, ಮೊದಲು ಹೆದರಿದ, ಬಿದ್ದ ಮೇಲೆ ಬುದ್ಧಿ ಓಡಿತು, ಎರಡೂ ನಿಜ ಎಂದಳು. ಹೆಂಡತಿ ಬದುಕಿದ್ದಾಳೆಂದರೆ ಅವನ ಗುಡಿಯೂ ಹೋಗುತ್ತದೆ, ಅವನೂ ನಗೆಪಾಟಲು. ಆದರೂ ಆ ಕಿಟಕಿಯ ಹತ್ತಿರ ಅವನು ಬರಬೇಕಾಗಿರಲಿಲ್ಲ. ಬಂದ.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತ ಅಪ್ಪನಿಗೆ ಎಲ್ಲವನ್ನೂ ಹೇಳಿದೆವು. ಅಪ್ಪ ತಟ್ಟೆಯಲ್ಲೇ ಕೈ ಬಿಟ್ಟು ಕೂತ. ಗುಡಿಯ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಆದರೆ ಅವಳು ಸತ್ತಳೆಂದು ಅವರು ನಂಬಿರುವುದು ಗೊತ್ತಿತ್ತು. ನಿಂಗತ್ತೆ ನಮ್ಮ ಮನೆಯ ಹಿತ್ತಿಲ ಕೋಣೆಯಲ್ಲಿ ಮಲಗಿದ್ದಾಗಲೇ ಹಲಗೂರಿನ ಕಡೆಯಿಂದ ಸಾವಿನ ಸುದ್ದಿ ಬಂದಿತ್ತಂತೆ. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಅಪ್ಪ ತಿಥಿಗೆ ಹೋಗಿ, ಎಲ್ಲರ ಜೊತೆ ಅತ್ತು, ಊಟ ಮಾಡಿ ಬಂದಿದ್ದ. ಆ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಅವ್ವನಿಗೂ.

ಅವ್ವ ಬಾಯಿಗೆ ಸೆರಗು ಇಟ್ಟುಕೊಂಡಳು.

“ಊಟುಕ್ಕೇನ್ ಮಾಡಿದ್ರಣ್ಣ?” ಎಂದು ಕೇಳಿದಳು ನಿಂಗತ್ತೆ.

“ಕಡ್ಲೇಬ್ಯಾಳೆ ಪಾಯ್ಸ,” ಎಂದ ಅಪ್ಪ, ತಲೆ ತಗ್ಗಿಸಿಕೊಂಡು.

“ನಾನಿರಗಂಟ ಒಂದಿನ ಪಾಯ್ಸ ಕಾಸ್ನಿಲ್ಲ ಆ ಮನೇಲಿ,” ಎಂದು ಅವಳು ಪಾತ್ರೆ ತೊಳೆಯಲು ಎದ್ದು ಹೋದಳು.

ಅವಳ ಹಿಂದೆಯೇ ಹೋಗಿ ನಾನು ಒಂದು ಮಾತು ಕೇಳಿದೆ. ಜ್ವರದ ಮೈಯಲ್ಲಿ, ಆನೆ ಓಡಾಡುವ ಕಾಡಿನಲ್ಲಿ ಒಬ್ಬಳೇ ನಡೆದು ಬರುವಾಗ ಭಯವಾಗಲಿಲ್ಲವೇ ಎಂದು. ಆನೆಯ ಭಯ ಇರಲಿಲ್ಲವಂತೆ. “ಅಣ್ಣ ಬಾಗ್ಲು ತೆಗೀತಾನೋ ಇಲ್ವೋ, ಅದೊಂದೇ ಭಯ,” ಎಂದಳು. ಅಪ್ಪ ಬೇವಿನಕಡ್ಡಿ ಕಚ್ಚಿಕೊಂಡು ಬಾಗಿಲು ತೆಗೆದನಂತೆ. ಬೋಳು ಹಣೆ ನೋಡಿದನಂತೆ, ಊದಿದ ಮುಖ ನೋಡಿದನಂತೆ. ಏನಾಯಿತೆಂದು ಕೇಳಲಿಲ್ಲ. ಒಳಗೆ ಬಾ ಎಂದಷ್ಟೇ ಅಂದನಂತೆ.

ನನ್ನ ಮದುವೆ ನಡೆಯಿತು. ಕೆಂಪಯ್ಯ ಕೊಟ್ಟ ಹಸಿರು ಬಳೆಯನ್ನು ನಿಂಗತ್ತೆ ನನ್ನ ಕೈಗೇ ಹಾಕಿ ಕಳಿಸಿದಳು. ಗಂಡ ಮುಂಗೋಪಿ, ಅದೇನೂ ಮುಚ್ಚಿಡುವ ಸಂಗತಿಯಲ್ಲ. ಒಂದು ಸಲ ಸಿಟ್ಟಿನಲ್ಲಿ ಮಜ್ಜಿಗೆಯ ಚೊಂಬನ್ನು ಗೋಡೆಗೆ ಎಸೆಯಲು ಎತ್ತಿದರು, ನನ್ನ ಮೇಲೆ ಅಲ್ಲ, ಗೋಡೆಗೆ. ಚಿಕ್ಕತಾಯಮ್ಮನವರು ಓಡಿಬಂದು ಮಗನ ರಟ್ಟೆ ಹಿಡಿದು, ನನ್ನ ಕಡೆಗಲ್ಲ, ಹೊಸ್ತಿಲ ಕಡೆಗೆ ನೋಡುತ್ತ ನಿಂತರು. ಸಾಯುವ ತನಕ ಅವರು ಆ ಹೊಸ್ತಿಲನ್ನು ಕಾದರು. ಅವರು ಕಾದದ್ದು ನನ್ನ ಮೇಲಿನ ಪ್ರೀತಿಗಲ್ಲ, ದೇವರ ಭಯಕ್ಕೆ. ನನಗೆ ಅಷ್ಟು ಸಾಕಾಗಿತ್ತು.

ಕೆಂಪಯ್ಯ ಆಣೆಯನ್ನು ಬದಲಾಯಿಸಿದನಂತೆ, ರಹೀಂ ಸಾಬರು ಹೇಳುತ್ತಿದ್ದರು. ಹೆಣ್ಣಿನ ಕೈಯಲ್ಲಿ ಏನನ್ನೂ ಹೇಳಿಸದೆ, ಕರೆದುಕೊಂಡು ಬಂದ ಅತ್ತೆಯ ಕೈಯಲ್ಲಿ ಹೇಳಿಸುತ್ತಿದ್ದನಂತೆ, ನನ್ನ ಮಗ ಕೈ ಎತ್ತುವುದಿಲ್ಲ ಎಂದು. ಪಾರ್ಟಿಗಳು ಕಡಿಮೆಯಾದವು. ಅಂಥ ಬೆಟ್ಟಕ್ಕೆ ಸೊಸೆಯನ್ನು ಕರೆದುಕೊಂಡು ಹೋಗಲು ಅತ್ತೆಯರಿಗೇನು ಕೇಡು? ಯುದ್ಧ ಮುಗಿದು ಪೆಟ್ರೋಲು ಬರುವ ಹೊತ್ತಿಗೆ ಆ ದಾರಿಗೆ ಬಸ್ಸು ಹೋಗುವುದೇ ನಿಂತಿತ್ತು. ಕಾರೆಗಿಡದ ಬಳೆಗಳು ಈಗ ಇವೆಯೋ ಇಲ್ಲವೋ ಗೊತ್ತಿಲ್ಲ. ನಿಂಗತ್ತೆ ಹೋಗಿಯೇ ಬಹಳ ವರ್ಷವಾಯಿತು. ಆ ಸಲ ಅವಳ ತಿಥಿಗೆ ನಾನೇ ನಿಂತು ಪಾಯಸ ಮಾಡಿಸಿದೆ.

ಕಿಟಕಿಯಿಂದ ನೋಡಿದರೆ ಸಾಕಮ್ಮ ನನ್ನ ಸೀರೆಯನ್ನೇ ಹರಡಿಕೊಂಡು ಇಸ್ತ್ರಿ ಮಾಡುತ್ತಿದ್ದಳು, ಬಲಗೈ ನೋಯುತ್ತದೆಂದು ಎಡಗೈಯಲ್ಲಿ. ನಾನು ಎದ್ದೆ. ನನ್ನ ಮೈಮೇಲೆ ಯಾರೂ ಬರಲಿಲ್ಲ, ನನ್ನ ಮಾತಿಗೆ ಯಾರೂ ಕಾಲಿಗೆ ಬೀಳುವವರಿಲ್ಲ. ಈ ಮನೆಯಲ್ಲಿ ನನ್ನ ಹೊಗೆಯ ಚಪಲಕ್ಕೇ ಬೆಲೆಯಿಲ್ಲ. ಗೇಟಿನ ತನಕ ನಡೆಯುವಷ್ಟರಲ್ಲಿ ಮಂಡಿ ನೋಯಿತು.

“ಚಕ್ರ ಅಲ್ಲ ಕಣವ್ವ ಅದು,” ಎಂದೆ.

ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ಪಕ್ಕಕ್ಕೆ ಇಟ್ಟಳು. ತಲೆ ಎತ್ತಲಿಲ್ಲ. ಯಾರು, ಯಾಕೆ, ಎಷ್ಟು ದಿನದಿಂದ ಎಂದು ಕೇಳಲು ಬಾಯಿಗೆ ಬಂದಿತ್ತು. ಅಪ್ಪ ಕೇಳಿರಲಿಲ್ಲ ಎಂಬುದು ನೆನಪಾಯಿತು. ನಾನು ಗೇಟಿನ ಚಿಲಕ ತೆಗೆದು, ಬಾಗಿಲನ್ನು ಗೋಡೆಯ ತನಕ ತಳ್ಳಿದೆ.

“ಒಳಗ್ ಬಾ,” ಎಂದೆ.